ವಿದ್ಯಾದಾಸೋಹವೂ ಸಂಶೋಧನೆಯೂ



ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಈ ಕಡಲತಡಿಯ ಸೀಮೆಗೆ ದಾನವೆಂಬುದು ಹೊಸ ಮಾತಲ್ಲ. ದೇಗುಲ ಮಠ ಛತ್ರಗಳಿಗೆ ಬಿಟ್ಟ ಭೂಮಿ, ಅಕ್ಕಿ, ಹೊನ್ನುಗಳ ಲೆಕ್ಕವನ್ನು ಬಾರಕೂರು ಬಸರೂರುಗಳ ಶಿಲಾಶಾಸನಗಳು ಇಂದಿಗೂ ಹೇಳುತ್ತಿವೆ. ಆ ಪೂರ್ವಿಕರ ದಾನದಲ್ಲಿ ಒಂದು ದೂರದೃಷ್ಟಿಯುಂಟು. ಒಂದು ದಿನದ ಅನ್ನವನ್ನಿಕ್ಕಿ ಕೈತೊಳೆದುಕೊಳ್ಳದೆ, ವರ್ಷವರ್ಷವೂ ಬೆಳೆ ಕೊಡುವ ಗದ್ದೆಯನ್ನೇ ಅವರು ಬಿಟ್ಟುಕೊಟ್ಟರು. ಇಂದಿನ ವಿಶ್ವವಿದ್ಯಾಲಯಗಳು ದತ್ತಿನಿಧಿಯೆಂದು ಕರೆಯುವುದೂ ಇದನ್ನೇ. ಮೂಲಧನವೇ ಗದ್ದೆ, ಬಡ್ಡಿಯೇ ಬೆಳೆ. ಬೆಲೆಗಳು ಏರುತ್ತಿರುವ ಕಾಲದಲ್ಲಿ ಬೆಳೆಯೆಲ್ಲವನ್ನೂ ಉಂಡುಬಿಟ್ಟರೆ ಗದ್ದೆಯು ಸವೆಯುವುದು. ಬಡ್ಡಿಯ ಒಂದಂಶವನ್ನು ಬೀಜದ ಭತ್ತದಂತೆ ಮೂಲಕ್ಕೆ ಕೂಡಿಸುತ್ತಿದ್ದರೆ ಮಾತ್ರ ದತ್ತಿಯು ಚಿರಕಾಲ ಬಾಳುವುದು.

ಈ ಸೀಮೆಯಲ್ಲಿ ಉಚ್ಚಶಿಕ್ಷಣವು ಬೇರೂರಿದ್ದೂ ದಾನಬಲದಿಂದಲೇ. ಡಾ. ಟಿ. ಎಂ. ಎ. ಪೈಯವರು ೧೯೪೨ರಲ್ಲಿ ಮಣಿಪಾಲದಲ್ಲಿ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದರು. ೧೯೪೯ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಹುಟ್ಟಿತು. ೧೯೬೩ರಲ್ಲಿ ಭಂಡಾರ್ಕಾರ್ ಮನೆತನದವರ ಔದಾರ್ಯದಿಂದ ಕುಂದಾಪುರಕ್ಕೂ ಕಾಲೇಜು ದೊರೆಯಿತು. ಹೊಳೆಗಳನ್ನು ದಾಟಿ ದೂರದೂರಿಗೆ ಹೋಗಲಾರದ ಬಡಮಕ್ಕಳಿಗೆ ಪದವಿಯ ಬಾಗಿಲು ಊರಿನಲ್ಲಿಯೇ ತೆರೆಯಿತು. ದಾನಿಗಳ ಹೆಸರು ಆ ಕಾಲೇಜಿನ ಹೆಸರಿನಲ್ಲಿಯೇ ನೆಲೆನಿಂತಿರುವುದು ಯುಕ್ತವೇ ಆಗಿದೆ.

ಆದರೆ ಕಟ್ಟಡವು ಕಣ್ಣಿಗೆ ಕಾಣುವುದು, ಸಂಶೋಧನೆಯು ಕಾಣದು. ಕಟ್ಟಡಕ್ಕೆ ಕೊಡುವ ಕೈಗಳು ಹಲವು. ಹತ್ತು ವರ್ಷ ಒಂದೇ ವಿಷಯವನ್ನು ಹಿಡಿದು ಕುಳಿತ ವಿದ್ವಾಂಸನ ಅನ್ನಕ್ಕೆ, ಪುಸ್ತಕಕ್ಕೆ, ಅಚ್ಚಿನ ವೆಚ್ಚಕ್ಕೆ ಕೊಡುವವರು ವಿರಳ. ಆತನ ದುಡಿಮೆಯ ಫಲವು ದಾನಿಯ ಜೀವಮಾನದಲ್ಲಿ ಕೈಸೇರದೆಯೂ ಹೋಗಬಹುದು. ಮಂಜೇಶ್ವರದ ಗೋವಿಂದ ಪೈಗಳು ೧೯೬೩ರಲ್ಲಿ ತೀರಿಕೊಂಡ ತರುವಾಯ ಅವರ ಗ್ರಂಥಭಂಡಾರವು ಉಡುಪಿಯ ಕಾಲೇಜಿಗೆ ಸಂದು, ಅವರ ಹೆಸರಿನ ಸಂಶೋಧನ ಕೇಂದ್ರಕ್ಕೆ ಸಂಪತ್ತಾಯಿತು. ಅದೇ ಕೇಂದ್ರದಲ್ಲಿ ೧೯೭೯ರಲ್ಲಿ ತೊಡಗಿದ ತುಳು ನಿಘಂಟಿನ ಕಾರ್ಯವು ಆರು ಸಂಪುಟಗಳಾಗಿ ಮುಗಿದದ್ದು ೧೯೯೭ರಲ್ಲಿ. ಒಂದು ನುಡಿಯ ಪದಸಂಪತ್ತನ್ನು ಕಲೆಹಾಕಲು ಇಷ್ಟು ವರ್ಷಗಳು ಬೇಕಾದವು.

ಶರಣಸಮಾಜಕ್ಕೆ ಈ ಮಾತು ಅಪರಿಚಿತವಲ್ಲ. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ತಾಡವಾಲೆಗಳನ್ನು ಹುಡುಕಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು; ಬಳಿಕ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು. ಒಬ್ಬರು ಸಿರಿವಂತರು, ಮತ್ತೊಬ್ಬರು ಸಿರಿವಂತರಲ್ಲ. ವಿದ್ಯೆಯು ಇಬ್ಬರ ಋಣದಲ್ಲಿಯೂ ಇದೆ. ಆದರೂ ವಿದ್ವಾಂಸನು ಮನೆಯನ್ನು ಮಾರಬೇಕಾಗಿ ಬಂದುದು ಆತನಿಗೆ ಕೀರ್ತಿ, ನೋಡುತ್ತಿದ್ದ ಸಮಾಜಕ್ಕೆ ಕೊರತೆ.

ಆ ಕೊರತೆಯು ಈ ಸೀಮೆಯಲ್ಲಿ ಮರುಕಳಿಸಬಾರದು. ಹಳೆಯ ಮನೆಗಳ ಅಟ್ಟದಲ್ಲಿ ಯಕ್ಷಗಾನ ಪ್ರಸಂಗಗಳ ಓಲೆಗಳು ಹುಳುಹಿಡಿಯಬಾರದು. ಮೀನುಗಾರರ, ಬೇಸಾಯಗಾರರ ಬಾಯಲ್ಲಿರುವ ಕುಂದಾಪುರ ಕನ್ನಡದ ನುಡಿಗಳು ಹಿರಿಯರೊಡನೆ ಮರೆಯಾಗಬಾರದು. ಒಂದು ಹೊಸ ಭತ್ತದ ತಳಿಯನ್ನು ಸಿದ್ಧಪಡಿಸಲು ಸುಮಾರು ಹತ್ತು ವರ್ಷಗಳ ತಾಳ್ಮೆ ಬೇಕೆಂಬುದನ್ನು ಬ್ರಹ್ಮಾವರದ ಕೃಷಿ ಸಂಶೋಧನ ಕೇಂದ್ರದವರು ಬಲ್ಲರು. ಈ ಕೇಂದ್ರವು ಸೇರಿರುವ ಶಿವಮೊಗ್ಗದ ವಿಶ್ವವಿದ್ಯಾಲಯವು ಒಂದು ಕಾಲಕ್ಕೆ ಈ ಕರಾವಳಿಯನ್ನಾಳಿದ ಕೆಳದಿಯ ಶಿವಪ್ಪ ನಾಯಕನ ಹೆಸರನ್ನು ಹೊತ್ತಿರುವುದು ಸ್ಮರಣೀಯವು.

ಇದಕ್ಕೆ ಸಿರಿವಂತರನ್ನೇ ಕಾಯಬೇಕಾಗಿಲ್ಲ. ೧೯೨೮ರಲ್ಲಿ ಉಡುಪಿಯ ಬ್ಯಾಂಕೊಂದು ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಉಳಿತಾಯವನ್ನು ಕೂಡಿಹಾಕತೊಡಗಿತು, ಹನಿಗೂಡಿ ಹಳ್ಳವಾಯಿತು. ಒಂದೊಂದು ಊರು ಒಬ್ಬೊಬ್ಬ ಸಂಶೋಧನ ವಿದ್ಯಾರ್ಥಿಯ ಭಾರವನ್ನು ಹೊತ್ತರೂ ಸಾಕು.

ಕೊಡುವವರು ಒಂದು ನಿಯಮವನ್ನು ಪಾಲಿಸತಕ್ಕದ್ದು. ಹಣ ಕೊಟ್ಟವನು ಲೆಕ್ಕವನ್ನು ಕೇಳಬಹುದು, ಇಂಥದೇ ಸತ್ಯವು ಹೊರಬರಲೆಂದು ಕೇಳಲಾಗದು. ದಾನದಲ್ಲಿ ಕೊಟ್ಟೆನೆಂಬ ಹಮ್ಮು ಉಳಿಯಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಕಾಯಕದಿಂದ ಬಂದುದನ್ನು ಕಾಣದ ನಾಳೆಯವರಿಗಾಗಿ ಸವೆಸುವುದೇ ವಿದ್ಯಾದಾಸೋಹವು. ಈ ಮಹೋತ್ಸವದ ನೆನಪಿಗೆ ಅಂಥ ಒಂದು ದತ್ತಿಯಾದರೂ ಈ ಸೀಮೆಯಲ್ಲಿ ನೆಲೆಗೊಳ್ಳಲಿ.