ಮೈ ಕೆಂಪೇರಿಸುವ ಮಾತ್ರೆ

ಬಲ ಬರಲೆಂದು ತಂದ ವಿಟಮಿನ್ ಮಾತ್ರೆಯನ್ನು ಬರಿಯ ಹೊಟ್ಟೆಯಲ್ಲಿ ನುಂಗಿದ ಅರ್ಧ ಗಂಟೆಯೊಳಗೆ ಮುಖ, ಕಿವಿ, ಕೊರಳು, ಎದೆ ಕೆಂಪಡರಿ, ಮೆಣಸಿನಕಾಯಿ ಹಚ್ಚಿದಂತೆ ಉರಿದರೆ ಮನೆಮಂದಿ ಗಾಬರಿಗೊಳ್ಳುವುದು ಸಹಜವೇ. ಒಬ್ಬರು ವಿಷವೆನ್ನುವರು, ಇನ್ನೊಬ್ಬರು ಪಿತ್ತವೆನ್ನುವರು. ಮಾತ್ರೆಯಲ್ಲಿ ನಯಾಸಿನ್, ಎಂದರೆ ಬಿ-3 ಜೀವಸತ್ವ, ಹೆಚ್ಚಾಗಿದ್ದರೆ ತಾವು ಮೊದಲು ಅದನ್ನೇ ಸಂಶಯಿಸಬೇಕು.

ಇದರ ಹಳೆಯ ಹೆಸರು ನಿಕೋಟಿನಿಕ್ ಆಮ್ಲ. ಹೊಗೆಸೊಪ್ಪನ್ನು ನೆನಪಿಗೆ ತರುವ ಹೆಸರು ಕೇಳಿ ಜನ ಹಿಂಜರಿದಾರೆಂದು ಬೇರೆ ನಾಮಕರಣವಾಯಿತು. ಹೆಸರಿಗೆ ಹೆದರುವ ಚಾಳಿ ನಮ್ಮೊಬ್ಬರದೇ ಅಲ್ಲವೆಂಬುದು ಸಮಾಧಾನ! ಆಹಾರದಲ್ಲಿ ಈ ಸತ್ವ ತೀರ ಕಡಮೆಯಾದರೆ ಪೆಲ್ಲಾಗ್ರವೆಂಬ ರೋಗ ಬರುತ್ತದೆ. ಇಟಲಿಯ ಮಾತಿನಲ್ಲಿ ‘ಒರಟು ಚರ್ಮ’ವೆಂದರ್ಥ. ಬಿಸಿಲು ತಾಗುವ ಕೊರಳು, ಕೈಗಳ ಚರ್ಮ ಕಪ್ಪಾಗಿ ಬಿರಿಯುತ್ತದೆ. ಭೇದಿ, ಬುದ್ಧಿಭ್ರಮಣೆಗಳೂ ಜೊತೆಗೂಡುತ್ತವೆ. 1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಎಲ್ವೇಜೆಮ್ ಮತ್ತು ಸಂಗಡಿಗರು ಈ ಆಮ್ಲದಿಂದ ನಾಯಿಗಳ ಕರಿನಾಲಿಗೆ ರೋಗ ವಾಸಿಯಾಗುವುದನ್ನು ತೋರಿಸಿದರು. ಪೆಲ್ಲಾಗ್ರಕ್ಕೂ ಅದೇ ಮದ್ದಾಯಿತು. ದಖನ್ನಿನಲ್ಲಿ ಜೋಳವನ್ನೇ ನೆಚ್ಚಿದ್ದ ಬಡವರಿಗೆ ತಗಲುತ್ತಿದ್ದ ಪೆಲ್ಲಾಗ್ರವನ್ನು ಕುರಿತು ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯನವರು 1960ರಲ್ಲಿ ಬರೆದರು.

ಅಂಥ ಕೊರತೆ ಇಲ್ಲದ ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು 15 ಮಿಲಿಗ್ರಾಂ. ಕಡಲೆಕಾಯಿ, ಬೇಳೆ, ಮೀನು, ಮಾಂಸಗಳಿಂದ ಅದು ದೊರೆಯುತ್ತದೆ. ಒಮ್ಮೆಗೇ 50 ಮಿಲಿಗ್ರಾಂ ನಿಕೋಟಿನಿಕ್ ಆಮ್ಲ ಹೊಟ್ಟೆಗೆ ಹೋದರೆ ಚರ್ಮದ ಕೆಲವು ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯವನ್ನು ಹೊರಬಿಡಬಹುದು; ಕೂದಲಿನಷ್ಟು ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ನೆತ್ತರು ತುಂಬುತ್ತದೆ. ಕೆಂಪು, ಬಿಸಿ, ತುರಿಕೆಗಳಿಗೆ ಇದೇ ಕಾರಣ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಎಲ್ಲವೂ ಇಳಿಯುತ್ತದೆ. ಇದೇ ಜೀವಸತ್ವದ ಇನ್ನೊಂದು ರೂಪವಾದ ನಿಕೋಟಿನಮೈಡಿಗೆ ಈ ಗುಣವಿಲ್ಲ. ಆದುದರಿಂದ ಸೀಸೆಯ ಚೀಟಿಯಲ್ಲಿ ಎರಡರಲ್ಲಿ ಯಾವುದಿದೆ, ಎಷ್ಟಿದೆ ಎಂದು ನೋಡಿಕೊಳ್ಳಿರಿ.

ಆದರೆ ಮೈಮೇಲೆ ಗಂಧೆಗಳೆದ್ದು, ತುಟಿ ನಾಲಿಗೆ ಬಾತು, ಉಸಿರಾಟ ಕಷ್ಟವಾದರೆ ಅದು ಬೇರೆಯ ಸಂಗತಿ. ಅದು ಅಲರ್ಜಿ. ಮಜ್ಜಿಗೆ ಕುಡಿಸಿ ಕಾಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು. ಕೆಲವು ದಿನ ಸೇವಿಸುತ್ತಿದ್ದರೆ ಉರಿ ತಾನಾಗಿ ಕಡಮೆಯಾಗುತ್ತದೆ. ‘ಮೈಗೆ ಒಗ್ಗಿತು’ ಎಂದು ಪ್ರಮಾಣ ಏರಿಸುವವರುಂಟು. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ತೆಗೆದುಕೊಂಡರೆ ಯಕೃತ್ತು ಕೆಡಬಹುದು. ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಮಾತ್ರೆಗಳು ಉರಿಯನ್ನು ಕಡಮೆ ಮಾಡಿದರೂ ಯಕೃತ್ತಿಗೆ ಹೆಚ್ಚು ಅಪಾಯಕಾರಿ. ವೈದ್ಯರಲ್ಲಿಗೆ ಹೋಗುವಾಗ ಬೇರೆ ಔಷಧಗಳೊಡನೆ ಈ ‘ಬರಿಯ ವಿಟಮಿನ್’ ಸೀಸೆಯನ್ನೂ ಕೈಚೀಲದಲ್ಲಿ ಹಾಕಿಕೊಳ್ಳಿರಿ.