ಟ್ರ್ಯಾಕ್ಟರಿನ ಹಿಂಬ್ರೇಕುಗಳು: ಎರಡೂ ಸಮನಾಗಿ ಹಿಡಿಯುತ್ತಿವೆಯೆ?



ಗದ್ದೆಯ ಕೆಸರಿನಲ್ಲಿ ಓಡಾಡಿದ ಟ್ರ್ಯಾಕ್ಟರೇ ಕೆಲವು ತಿಂಗಳು ಕಳೆಯುವುದರೊಳಗೆ ಕಬ್ಬಿನ ಟ್ರೇಲರನ್ನು ಕಟ್ಟಿಕೊಂಡು ಕಾರ್ಖಾನೆಯ ರಸ್ತೆ ಹಿಡಿಯುತ್ತದೆ. ಮಂಡ್ಯದ ನಾಲಾ ಬಯಲಿನಲ್ಲಾಗಲಿ, ಬೆಳಗಾವಿ, ಬಾಗಲಕೋಟೆಗಳ ಕಬ್ಬಿನ ಸೀಮೆಯಲ್ಲಾಗಲಿ ಇದು ಸಾಮಾನ್ಯ ನೋಟ. ಹೊರಡುವ ಮುನ್ನ ಇಂಜಿನ್ನಿನ ಎಣ್ಣೆ, ರೇಡಿಯೇಟರಿನ ನೀರು, ಟೈರಿನ ಗಾಳಿ ಇವನ್ನೆಲ್ಲ ರೈತರು ತಪ್ಪದೆ ನೋಡಿಕೊಳ್ಳುತ್ತಾರೆ. ಬ್ರೇಕನ್ನು ಮಾತ್ರ ಕಾಲಿಟ್ಟು ಒಮ್ಮೆ ಒತ್ತಿ, ‘ಹಿಡಿಯುತ್ತದೆ’ ಎಂದು ಸುಮ್ಮನಾಗುವವರೇ ಹೆಚ್ಚು. ಹಿಡಿಯುತ್ತದೆ ಎಂದರೆ ಸಾಲದು, ಎರಡು ಕಡೆಯೂ ಸಮನಾಗಿ ಹಿಡಿಯಬೇಕು.

ಟ್ರ್ಯಾಕ್ಟರಿನ ಬ್ರೇಕಿಗೂ ಕಾರಿನ ಬ್ರೇಕಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರಿನಲ್ಲಿ ಪೆಡಲು ಒಂದೇ. ಅದನ್ನು ತುಳಿದಾಗ ದ್ರವದ ಒತ್ತಡ ಎಡ ಬಲ ಚಕ್ರಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳಿಗೆ ಬ್ರೇಕೇ ಇರುವುದಿಲ್ಲ. ಹಿಂದಿನ ಎರಡು ಚಕ್ರಗಳಿಗೆ ಎರಡು ಬೇರೆ ಬೇರೆ ಪೆಡಲುಗಳು, ಎರಡು ಬೇರೆ ರಾಡುಗಳು. ಬದುವಿನ ಬಳಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೇ ಚಕ್ರವನ್ನು ತಡೆಯಬೇಕಾಗುತ್ತದೆ, ಅದಕ್ಕಾಗಿ ಈ ಏರ್ಪಾಡು. ರಸ್ತೆಗೆ ಬಂದಾಗ ಎರಡು ಪೆಡಲುಗಳನ್ನೂ ಕೊಂಡಿ ಹಾಕಿ ಒಂದು ಮಾಡಬೇಕು. ಆದರೆ ಕೊಂಡಿ ಪೆಡಲುಗಳನ್ನು ಒಂದುಗೂಡಿಸುತ್ತದೆಯೇ ಹೊರತು ಒಳಗಿನ ಸವೆತವನ್ನು ಸರಿಗೊಳಿಸಲಾರದು.

ಈ ಸವೆತ ಹುಟ್ಟುವುದು ಹೊಲದಲ್ಲಿಯೇ. ಒಂದು ಎಕರೆಯ ಚೌಕ ಹೊಲದ ಒಂದು ಬದಿ ಸುಮಾರು 64 ಮೀಟರು. ಎರಡು ಮೀಟರು ಅಗಲದ ಕಲ್ಟಿವೇಟರಿನಿಂದ ಹೋಗಿ ಬಂದು ಉತ್ತರೆ ಸುಮಾರು 32 ಸಾಲು, ಅಂದರೆ 31 ತಿರುವು. ಅದೇ ಎಕರೆ 20 ಮೀಟರು ಅಗಲ, 200 ಮೀಟರು ಉದ್ದದ ಪಟ್ಟಿಯಾಗಿದ್ದು ಉದ್ದಕ್ಕೇ ಉತ್ತರೆ ಹತ್ತು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಅಡ್ಡಕ್ಕೆ ಉತ್ತರೆ ನೂರು ಸಾಲು! (ಇಳಿಜಾರು ಇರುವಲ್ಲಿ ಮಣ್ಣಿನ ಸಂರಕ್ಷಣೆಗಾಗಿ ಇಳಿಜಾರಿಗೆ ಅಡ್ಡಲಾಗಿಯೇ ಉಳಬೇಕು, ಅಲ್ಲಿ ಬ್ರೇಕಿನ ಲೆಕ್ಕ ನಡೆಯದು.) ಹೋಗಿ ಬಂದು ಉಳುವಾಗ ತಿರುವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ. ಹೊಲದ ಸುತ್ತ ಸುತ್ತುತ್ತಾ ಉಳುವವರಿಗೆ, ಕೆಸರುಗದ್ದೆಯಲ್ಲಿ ಒಂದೇ ಕಡೆಗೆ ಸುತ್ತುವವರಿಗೆ, ಪ್ರತಿ ಮೂಲೆಯಲ್ಲಿಯೂ ಅದೇ ಪೆಡಲಿನ ಮೇಲೆ ಕಾಲು ಹೋಗುತ್ತದೆ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಆ ಕಡೆಯ ಲೈನಿಂಗ್ ಸವೆದು ತೆಳುವಾಗಿ, ಇನ್ನೊಂದು ಹೆಚ್ಚು ಕಡಿಮೆ ಹಾಗೆಯೇ ಉಳಿದಿರುತ್ತದೆ.

ಹೊಲದಲ್ಲಿ ಇದರಿಂದ ಹೆಚ್ಚೇನೂ ತೊಂದರೆಯಿಲ್ಲ. ರಸ್ತೆಯಲ್ಲಿ ಕೊಂಡಿ ಹಾಕಿ ಬ್ರೇಕು ತುಳಿದಾಗ ಬಿಗಿ ಇರುವ ಕಡೆ ಮೊದಲು ಹಿಡಿದು ಟ್ರ್ಯಾಕ್ಟರು ಅತ್ತ ಎಳೆಯುತ್ತದೆ. ಅದೇ ಕ್ಷಣದಲ್ಲಿ ಹಿಂದಿನಿಂದ ಐದಾರು ಟನ್ ಕಬ್ಬು ದೂಡುತ್ತಿರುತ್ತದೆ. ಬಹುಪಾಲು ಟ್ರೇಲರುಗಳಿಗೆ ತಮ್ಮದೇ ಆದ ಬ್ರೇಕು ಇರುವುದಿಲ್ಲವಾದ್ದರಿಂದ ಅಷ್ಟನ್ನೂ ಟ್ರ್ಯಾಕ್ಟರಿನ ಎರಡು ಚಕ್ರಗಳೇ ತಡೆಯಬೇಕು. ಓರೆಯಾದ ಟ್ರ್ಯಾಕ್ಟರನ್ನು ಟ್ರೇಲರು ಪಕ್ಕಕ್ಕೆ ಮಡಿಸಿ ಉರುಳಿಸಿಬಿಡುತ್ತದೆ. ಮಡ್ ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಅಭ್ಯಾಸವೂ ಅನೇಕ ಊರುಗಳಲ್ಲಿದೆ. ಉರುಳುವಾಗ ಮೊದಲು ಚಕ್ರದಡಿಗೆ ಬೀಳುವವರು ಅವರೇ.

ಪರೀಕ್ಷೆ ಸುಲಭ. ಟ್ರೇಲರನ್ನು ಬಿಚ್ಚಿ, ಸಮತಟ್ಟಾದ ಒಣ ಮಣ್ಣಿನ ಬಯಲಿನಲ್ಲಿ, ಯಾರೂ ಇಲ್ಲದ ಕಡೆ, ಕೊಂಡಿ ಹಾಕಿ ನಿಧಾನವಾಗಿ ಓಡಿಸಿ ಕ್ಲಚ್ಚನ್ನೂ ಬ್ರೇಕನ್ನೂ ತುಳಿಯಬೇಕು. ಇಳಿದು ಮಣ್ಣಿನ ಮೇಲಿನ ಉಜ್ಜು ಗುರುತುಗಳನ್ನು ಹೆಜ್ಜೆಯಿಂದ ಅಳೆಯಬೇಕು. ಎರಡೂ ಒಂದೇ ಉದ್ದವಿದ್ದರೆ ಸರಿ. ಒಂದು ಕಡೆ ಉದ್ದ, ಒಂದು ಕಡೆ ಗುರುತೇ ಇಲ್ಲ ಎಂದಾದರೆ ಹೊಂದಾಣಿಕೆ ಆಗಲೇಬೇಕು. ಹಾಗೆಯೇ ಕೊಂಡಿ ಬಿಚ್ಚಿ, ಒಂದೊಂದೇ ಪೆಡಲನ್ನು ಕೈಯಿಂದ ಅದುಮಿ, ಬಿಗಿ ಸಿಗುವವರೆಗೆ ಎಷ್ಟು ಇಳಿಯುತ್ತದೆಂದು ಅಳತೆಪಟ್ಟಿಯಿಂದ ನೋಡಬೇಕು. ಇದನ್ನೇ ಮೆಕ್ಯಾನಿಕ್ಕುಗಳು ‘ಪ್ಲೇ’ ಎನ್ನುತ್ತಾರೆ. ಇದು ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿ ಅದು ಇರುತ್ತದೆ. ಕೈಪಿಡಿ ಪೆಟ್ಟಿಗೆಯ ತಳದಲ್ಲಿದ್ದರೆ ಹೊರಗೆ ತೆಗೆಯಲು ಇದೇ ಸಮಯ.

ಹೊಂದಾಣಿಕೆಗಾಗಿ ಹಿಂದಿನ ಚಕ್ರವನ್ನು ಎತ್ತಬೇಕಾಗುತ್ತದೆ. ಇಲ್ಲಿ ಎಚ್ಚರಿಕೆ ಅಗತ್ಯ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಇಂಜಿನ್ನು ಆರಿಸಿ, ಮುಂದಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನು ಒತ್ತಿಡಬೇಕು. ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತಿರುವುದರಿಂದ ಹಿಂದೆ ಎತ್ತಿದಾಗ ಮೈ ಪಕ್ಕಕ್ಕೆ ವಾಲಬಲ್ಲದು. ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ ಎರಡು ಕಡೆ ಮರದ ಬೆಣೆ ಹೊಡೆಯಬೇಕು. ಅಚ್ಚಿನ ಕವಚದಡಿ ಜಾಕಿ ಕೊಟ್ಟು ಎತ್ತಿದ ಮೇಲೆ ದಪ್ಪ ಮರದ ದಿಮ್ಮಿಗಳ ಮೇಲೆ ಭಾರ ಇಳಿಸಬೇಕು. ಇಟ್ಟಿಗೆ, ಸೈಜುಗಲ್ಲು ಒಡೆದುಹೋಗುತ್ತವೆ. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಲೇಬಾರದು.

ನಂತರ ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕು ಬಿಟ್ಟು, ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಬ್ರೇಕು ರಾಡಿನ ನಟ್ಟನ್ನು ಚಕ್ರ ಉಜ್ಜತೊಡಗುವವರೆಗೆ ಬಿಗಿ ಮಾಡಿ, ಮತ್ತೆ ಚಕ್ರ ಸಲೀಸಾಗಿ ತಿರುಗಿ ಪೆಡಲಿಗೆ ಹೇಳಿದಷ್ಟು ಪ್ಲೇ ಬರುವವರೆಗೆ ಸಡಿಲಿಸಬೇಕು. ಇನ್ನೊಂದು ಕಡೆಯೂ ಹೀಗೆಯೇ. ಮಣ್ಣಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಇನ್ನೂ ಎಳೆತವಿದ್ದರೆ ಹೆಚ್ಚು ಹಿಡಿಯುವ ಕಡೆಯನ್ನು ಸ್ವಲ್ಪ ಸಡಿಲಿಸಬೇಕು. ತುಸು ದೂರ ಓಡಿಸಿ ಬಂದು ಬ್ರೇಕಿನ ಕವಚದ ಹತ್ತಿರ ಅಂಗೈ ಹಿಡಿದರೆ, ಒಂದು ಕಡೆ ಮಾತ್ರ ಕಾವು ಏರಿದ್ದಲ್ಲಿ ಅದು ಸದಾ ಉಜ್ಜುತ್ತಿದೆ ಎಂದರ್ಥ.

ನಟ್ಟು ತಿರುಗಿಸಿಯೂ ಸರಿಬಾರದಿದ್ದರೆ ಲೈನಿಂಗ್ ಬದಲಾಯಿಸಬೇಕು. ಹಳೆಯ ಮಾದರಿಯ ಒಣ ಡಿಸ್ಕ್ ಬ್ರೇಕಿನಲ್ಲಿ ಎರಡು ಉಕ್ಕಿನ ತಟ್ಟೆಗಳ ನಡುವೆ ಇಳಿಜಾರು ಗುಳಿಗಳಲ್ಲಿ ಗುಂಡುಗಳು ಕೂತಿರುತ್ತವೆ. ರಾಡು ಎಳೆದಾಗ ತಟ್ಟೆಗಳು ಒಂದಕ್ಕೊಂದು ಎದುರಾಗಿ ತಿರುಗಿ, ಗುಂಡುಗಳು ಇಳಿಜಾರು ಏರಿ, ತಟ್ಟೆಗಳನ್ನು ದೂರ ತಳ್ಳಿ ಲೈನಿಂಗ್ ಇರುವ ಡಿಸ್ಕುಗಳನ್ನು ಕವಚಕ್ಕೆ ಒತ್ತುತ್ತವೆ. ಪಕ್ಕದ ಮುಚ್ಚಳ ಬಿಚ್ಚಿದರೆ ಇವೆಲ್ಲ ಹೊರಬರುವ ಮಾದರಿಗಳಲ್ಲಿ ಈ ಕೆಲಸ ಮನೆಯಲ್ಲೇ ಆಗುತ್ತದೆ. ಬಿಚ್ಚಿದ ಕ್ರಮದಲ್ಲಿಯೇ ಗೋಣಿಚೀಲದ ಮೇಲೆ ಜೋಡಿಸಿಡಬೇಕು. ಗುಳಿಗಳಲ್ಲಿ ತುಕ್ಕು ತಿಂದಿದೆಯೆ, ಸ್ಪ್ರಿಂಗು ಸೋತಿದೆಯೆ, ರಿವೆಟ್ಟಿನ ತಲೆ ಮೇಲೆದ್ದು ಕವಚಕ್ಕೆ ಗೀರು ಹಾಕಿದೆಯೆ ನೋಡಬೇಕು. ದೂಳನ್ನು ಊದಬಾರದು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಹೂಳಬೇಕು.

ಎಣ್ಣೆ ಕುಡಿದ ಲೈನಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಡುವ ಪದ್ಧತಿ ಕೆಲವೆಡೆ ಇದೆ. ಇದು ವ್ಯರ್ಥ ಶ್ರಮ. ಒಳಗೆ ಇಂಗಿದ ಎಣ್ಣೆ ಬಿಸಿಯಾದೊಡನೆ ಮತ್ತೆ ಮೇಲೆ ಬರುತ್ತದೆ. ಆಯಿಲ್ ಸೀಲನ್ನು ಬದಲಾಯಿಸದೆ ಹೊಸ ಲೈನಿಂಗ್ ಹಾಕಿದರೆ ಅದೂ ಅದೇ ಗತಿ ಕಾಣುತ್ತದೆ. ಒಂದು ಕಡೆ ಮಾತ್ರ ಸವೆದಿದ್ದರೂ ಎರಡು ಕಡೆಯ ಲೈನಿಂಗನ್ನೂ ಒಟ್ಟಿಗೆ ಬದಲಾಯಿಸಬೇಕು. ಇದು ರೈತರಿಗೆ ದುಂದೆನಿಸುವುದು ಸಹಜ, ಆದರೆ ಒಂದು ಹೊಸದು ಒಂದು ಹಳೆಯದು ಇದ್ದರೆ ಎಳೆತ ತಪ್ಪದು.

ಈಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಡಿಸ್ಕುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಕೆಸರು ಒಳಹೋಗುವುದಿಲ್ಲ, ಸವೆತವೂ ನಿಧಾನ. ಅವನ್ನು ಮನೆಯಲ್ಲಿ ಬಿಚ್ಚಬಾರದು. ಪೆಡಲಿನ ಪ್ಲೇ, ಎಣ್ಣೆಯ ಮಟ್ಟ, ಕೈಪಿಡಿ ಹೇಳಿದ ಜಾತಿಯ ಎಣ್ಣೆ ಇಷ್ಟನ್ನು ನೋಡಿಕೊಂಡರೆ ಸಾಕು.

ಬ್ರೇಕು ಎಷ್ಟೇ ಚೆನ್ನಾಗಿರಲಿ, ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ ಐದೂವರೆ ಮೀಟರು ಮುಂದೆ ಹೋಗಿರುತ್ತದೆ. ದಿಬ್ಬ ಇಳಿಯುವಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಬಾರದು, ಕ್ಲಚ್ಚನ್ನು ತುಳಿದೂ ಇರಬಾರದು. ಯಾವ ಗೇರಿನಲ್ಲಿ ಆ ದಿಬ್ಬ ಹತ್ತಬೇಕಾಗುತ್ತಿತ್ತೋ ಅದೇ ಗೇರನ್ನು ಇಳಿಯಲಾರಂಭಿಸುವ ಮೊದಲೇ ಹಾಕಿಕೊಳ್ಳಬೇಕು. ಗದ್ದೆಯಿಂದ ನೇರವಾಗಿ ರಸ್ತೆಗೆ ಬಂದಾಗ ಒಣ ಬ್ರೇಕಿನೊಳಗೆ ನೀರು ಸೇರಿರಬಹುದಾದ್ದರಿಂದ, ಟ್ರೇಲರು ಕಟ್ಟುವ ಮೊದಲು ನಿಧಾನವಾಗಿ ಓಡಿಸುತ್ತಾ ಪೆಡಲನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ, ಕೊಂಡಿ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ಹೊರಡಬೇಕು.