ತಲಾಕ್‌ನ ಮರುದಿನ ಮನೆ ಯಾರದು?

(ತಿಪಟೂರಿನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನರಾದ ನಾವು ಸಹನೆಯನ್ನು ತೆಂಗಿನಿಂದ ಕಲಿತವರು. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು-ಹನ್ನೊಂದು ತಿಂಗಳು ಕಾಯುತ್ತೇವೆ. ಆದರೆ ದಾಂಪತ್ಯ ಮುರಿಯುವಾಗ ಅದೇ ಅಟ್ಟದ ಕೆಳಗಿನ ಮನೆಯ ಬಗ್ಗೆ ಒಂದೇ ಸಂಜೆಯಲ್ಲಿ ತೀರ್ಮಾನಿಸಿಬಿಡುತ್ತೇವೆ. ಹೆಣ್ಣಿನ ಕೈಗೆ ಬಟ್ಟೆಯ ಗಂಟು ಕೊಟ್ಟು ತವರಿನ ಬಸ್ಸು ಹತ್ತಿಸುವುದೇ ಆ ತೀರ್ಮಾನ. ಮಕ್ಕಳ ಶಾಲೆ ಎಲ್ಲಿ, ಆ ರಾತ್ರಿ ಆಕೆ ಮಲಗುವುದೆಲ್ಲಿ ಎಂದು ಯಾರೂ ಕೇಳುವುದಿಲ್ಲ. ತಲಾಕ್ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ರಾಜಕಾರಣಿಗಳೂ ಕೇಳುವುದಿಲ್ಲ, ಶರೀಅತ್ತಿನ ರಕ್ಷಣೆಗೆ ನಿಂತಿದ್ದೇವೆನ್ನುವ ನಾವೂ ಕೇಳುವುದಿಲ್ಲ.

ಶರೀಅತ್ತು ಈ ಪ್ರಶ್ನೆಗೆ ಎಂದೋ ಉತ್ತರಿಸಿದೆ. ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯದ ಪ್ರಕಾರ, ಇದ್ದತ್ ಮುಗಿಯುವ ತನಕ ಪತ್ನಿಯನ್ನು ಮನೆಯಿಂದ ಹೊರಹಾಕುವಂತಿಲ್ಲ. ಸ್ಪಷ್ಟವಾದ ದುರ್ನಡತೆಯೊಂದೇ ಅದಕ್ಕೆ ಅಪವಾದ. ಆಕೆಯೂ ಹೊರಟುಹೋಗಬಾರದು. ಅಲ್ಲಿ ಆ ಮನೆಯನ್ನು ಆಕೆಯ ಮನೆಯೆಂದೇ ಕರೆಯಲಾಗಿದೆ. ಇದರ ಹಿಂದಿನ ಯುಕ್ತಿಯನ್ನು ಗಮನಿಸಿರಿ: ಒಂದೇ ಸೂರಿನಡಿ ಇದ್ದರೆ ಕೋಪ ಆರಲು, ಮನಸ್ಸು ತಿರುಗಲು ಅವಕಾಶವಿದೆ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶದ ಆಶಯವೂ ಸಂಧಾನವೇ. ಬಸ್ಸು ಹತ್ತಿಸಿದ ಮೇಲೆ ಮಧ್ಯಸ್ಥರನ್ನು ಹುಡುಕುವುದು ಮನೆ ಸುಟ್ಟ ಮೇಲೆ ಬಾವಿ ತೋಡಿದಂತೆ. ಆದ್ದರಿಂದ ನಮ್ಮ ಮೊದಲ ಮಾತು: ಇದ್ದತ್ ಮುಗಿಯುವವರೆಗೆ ಮನೆ ಮಾರಬೇಡಿ, ಬೀಗ ಬದಲಿಸಬೇಡಿ, ಯಾವ ಪತ್ರಕ್ಕೂ ಅವಸರದಲ್ಲಿ ಸಹಿ ಹಾಕಬೇಡಿ. ಆದರೆ ಹೊಡೆತ-ಬಡಿತವಿರುವ ಮನೆಯಲ್ಲಿ ಸಹನೆಯ ಉಪದೇಶ ಸಲ್ಲದು. ಅಲ್ಲಿ ಆಕೆಯ ಸುರಕ್ಷತೆಯೇ ಮೊದಲು.

ದೇಶದ ಕಾನೂನನ್ನೂ ತಿಳಿದಿರಬೇಕು. ಒಂದೇ ಉಸಿರಿನ ಮೂರು ತಲಾಕ್ 2019ರ ಕಾಯ್ದೆಯಂತೆ ಅಸಿಂಧು ಮತ್ತು ಶಿಕ್ಷಾರ್ಹ. ಅದನ್ನು ಹೇಳಿ ಹೆಂಡತಿಯನ್ನು ಹೊರಹಾಕುವವನಿಗೆ ಯಾವ ಆಧಾರವೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು ಪತ್ನಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ನೀಡಿದೆ. ಪತ್ರ ಅತ್ತೆ-ಮಾವನ ಹೆಸರಿನಲ್ಲಿದ್ದರೂ ಆ ಹಕ್ಕು ಸಲ್ಲಬಹುದೆಂದು ಸುಪ್ರೀಮ್ ಕೋರ್ಟು 2020ರಲ್ಲಿ ಹೇಳಿತು. ಆದರೆ ಇದು ವಾಸದ ಹಕ್ಕು, ಒಡೆತನವಲ್ಲ. ವೃದ್ಧ ಅತ್ತೆ-ಮಾವಂದಿರ ನೆಮ್ಮದಿಯನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಇನ್ನು, 1986ರ ಕಾಯ್ದೆಯಂತೆ ವಿಚ್ಛೇದಿತೆಗೆ ಇದ್ದತ್ ಅವಧಿಯೊಳಗೆ ನ್ಯಾಯಯುತ ಏರ್ಪಾಡನ್ನು ಮಾಡಬೇಕು. ಅದು ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು, ವಸತಿಯೂ ಅದರಲ್ಲಿ ಸೇರಬೇಕು ಎಂಬುದು 2001ರ ಡೇನಿಯಲ್ ಲತೀಫಿ ತೀರ್ಪಿನ ಸಾರ.

ಇನ್ನು ಲೆಕ್ಕದ ಮಾತು. ಇಸ್ಲಾಮ್ ಸ್ತ್ರೀಯ ಸೊತ್ತನ್ನು ಗಂಡನ ಸೊತ್ತಿನಿಂದ ಬೇರೆಯಾಗಿಯೇ ಗುರುತಿಸಿದೆ. ಹೀಗಿರುವಾಗ ಆಕೆಯ ಚಿನ್ನ ಅಡವಿಟ್ಟು ಕಟ್ಟಿದ ಮನೆಯ ಪತ್ರದಲ್ಲಿ ಗಂಡನ ಹೆಸರು ಮಾತ್ರ ಇದ್ದರೆ, ಆ ಚಿನ್ನ ಆತನ ಮೇಲಿನ ಸಾಲ. ಅದನ್ನು ಬರೆದಿಡಿ. ಮನೆಯನ್ನು ಮಹ್ರ್ ಅಥವಾ ಹಿಬಾ ಆಗಿ ಕೊಟ್ಟಿದ್ದರೆ ಅದು ಆಕೆಯದೇ. ಹಿಬಾಕ್ಕೆ ಘೋಷಣೆ, ಸ್ವೀಕಾರ, ಸ್ವಾಧೀನ ಈ ಮೂರೂ ಬೇಕು. ಬಾಯಿಮಾತಿನ ಹಿಬಾ ಸಿಂಧುವಾದರೂ ನಾಳೆ ಸಾಕ್ಷಿ ಹೇಳುವುದು ಕಾಗದವೇ. ಬ್ಯಾಂಕಿನ ಸಾಲ ಇಬ್ಬರ ಹೆಸರಿನಲ್ಲಿದ್ದರೆ ತಲಾಕ್ ಆದೊಡನೆ ಅದು ತೀರುವುದಿಲ್ಲ. ಮನೆಯಲ್ಲಿ ಉಳಿಯುವವರು ಕಂತನ್ನೂ ತೆರಬಲ್ಲರೇ ಎಂದು ಮೊದಲೇ ಕೇಳಿಕೊಳ್ಳಿರಿ. ತೆರಲಾಗದ ಮನೆಗೆ ಹಟ ಹಿಡಿದು ಅದನ್ನು ಹರಾಜಿಗೆ ಬಿಡುವುದಕ್ಕಿಂತ, ಮಾರಿ ಪಾಲು ಪಡೆದು ಮಕ್ಕಳ ಶಾಲೆಯ ಬಳಿ ಸಣ್ಣ ಮನೆ ಹಿಡಿಯುವುದು ವಿವೇಕ. ಅಟ್ಟದ ಮೇಲಿರುವ ಕಾಯಿಯನ್ನೂ ಮರೆಯದಿರಿ. ಅದು ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗುವುದು ತಿಂಗಳುಗಳ ನಂತರ. ಅದರ ಹಣ ಯಾರಿಗೆಂಬುದು ಒಪ್ಪಂದದಲ್ಲಿರಲಿ.

ಖುಲಾ ಬಯಸುವ ಹೆಣ್ಣಿನಿಂದ ಮನೆ, ಒಡವೆ ಎಲ್ಲವನ್ನೂ ಬರೆಸಿಕೊಳ್ಳುವವರಿದ್ದಾರೆ. ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಬಿಡುಗಡೆ ಬಯಸಿದಾಗ ಪ್ರವಾದಿ(ಸ)ಯವರು ಹಿಂದಿರುಗಿಸಲು ಹೇಳಿದ್ದು ಮಹ್ರ್ ಆಗಿ ಪಡೆದಿದ್ದ ತೋಟವನ್ನು. ತೋಟದ ಬೆಲೆಯನ್ನು ಬಲ್ಲ ನಮಗೆ ಇದು ಅರ್ಥವಾಗಬೇಕು: ಗಂಡನಿಂದ ಬಂದದ್ದು ಮರಳಿತು, ತವರಿನ ಗಂಟಿಗೆ ಯಾರೂ ಕೈ ಹಾಕಲಿಲ್ಲ.

ಜಮಾಅತಿನ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ. ತಲಾಕ್‌ನ ಪತ್ರಕ್ಕೆ ಸಾಕ್ಷಿ ಹಾಕುವ ಮೊದಲು ಇದ್ದತ್ ಕಾಲದ ವಸತಿ, ಮಹ್ರ್ ಬಾಕಿ, ಮಕ್ಕಳ ನೆಲೆ ಈ ಮೂರನ್ನು ಬರೆಸಿರಿ. ಕೋರ್ಟಿಗೆ ಹೋಗಲೇಬೇಕಾದರೆ ತಾಲೂಕು ಕಾನೂನು ಸೇವಾ ಸಮಿತಿಯಿದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಹಾಗೆ ಹೋದವಳನ್ನು ಧರ್ಮದ್ರೋಹಿಯೆನ್ನಬೇಡಿ. ಮಸೀದಿಯಲ್ಲಿ ನ್ಯಾಯ ಸಿಕ್ಕಿದ್ದರೆ ಆಕೆ ಅಲ್ಲಿಗೆ ಹೋಗುತ್ತಿರಲಿಲ್ಲ.

ದಾಂಪತ್ಯ ಮುರಿಯಬಹುದು, ಅದಕ್ಕೆ ಇಸ್ಲಾಮ್ ದಾರಿಯಿಟ್ಟಿದೆ. ಆದರೆ ಮುರಿದ ದಾಂಪತ್ಯದ ಮಕ್ಕಳು ಬೀದಿಗೆ ಬೀಳಲು ಅದು ದಾರಿಯಿಟ್ಟಿಲ್ಲ. ಆ ದಾರಿಯನ್ನು ತೋಡಿದವರು ನಾವು, ಮುಚ್ಚಬೇಕಾದವರೂ ನಾವೇ.